ಸ್ಪಾಸನ ವ್ಯಾನಿನ ಹಿತ್ತಾಳೆ ಬಾಗಿಲು

ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿದು ಜನ ಸಾಲಾಗಿ ಶಿಲುಬೆಗೆ ಮುತ್ತಿಡುತ್ತಿದ್ದರು. ವೆಲಿಕಾಳ ಸರದಿ ಬಂದಾಗ ಪಾದ್ರಿ ಎವ್ತಿಮ್ ಶಿಲುಬೆಯನ್ನು ಆಕೆಯ ತುಟಿಗೆ ಹಿಡಿದು, ಎಲ್ಲರಿಗೂ ಕೇಳುವಂತೆ, "ಅಮ್ಮಾ, ಈ ಸಲ ಯೋರ್ದಾನ್ ಹಬ್ಬಕ್ಕೆ ಹೊಳೆ ದಂಡೆಗೆ ವ್ಯಾನು ಬರ್ತದೋ ಇಲ್ಲವೋ?" ಎಂದು ಕೇಳಿದರು.

"ಬರ್ತದೆ, ಗುರುಗಳೇ," ಎಂದುಬಿಟ್ಟಳು ವೆಲಿಕಾ.

ಮಾತು ಹೊರಬಿದ್ದ ಮೇಲೆಯೇ ಅವಳಿಗೆ ವ್ಯಾನಿನ ಸ್ಥಿತಿ ನೆನಪಾಯಿತು. ವ್ಯಾನು ಅವಳ ಗಂಡ ಸ್ಪಾಸನದು. ಸ್ಪಾಸ್ ಸೆಪ್ಟೆಂಬರಿನ ಶಿಲುಬೆ ಹಬ್ಬದ ಮಾರನೆಯ ದಿನ, ದ್ರಾಕ್ಷಿ ಕೊಯ್ಲಿನ ನಡುವೆ, ಬುಟ್ಟಿ ಕೆಳಗಿಟ್ಟು ಕುಳಿತವನು ಮತ್ತೆ ಏಳಲಿಲ್ಲ. ಅಂದಿನಿಂದ ವ್ಯಾನು ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಗೂಡಾಗಿ ನಿಂತಿತ್ತು.

"ಬಂದರೆ ಸಾಲದು, ಬೆಚ್ಚಗಿರಬೇಕು," ಎಂದರು ಪಾದ್ರಿ. "ಹೋದ ವರ್ಷ ಶಿಲುಬೆಗೆ ಅಂತ ಹಾರಿದ ಕೊಲ್ಯೋ ನೀರಿಂದ ಎದ್ದು ಬಂದವನು ಹಲಗೆ ಹಾಗೆ ಬಿದ್ದದ್ದು ಮರೆತಿಲ್ಲ ತಾನೆ? ಸ್ಪಾಸ್ ಅವನನ್ನ ವ್ಯಾನಿಗೆ ಎಳ್ಕೊಂಡಿದ್ದಕ್ಕೆ ಉಳಿದ. ಬೆಚ್ಚಗಿನ ಜಾಗ ಇಲ್ಲ ಅಂದ್ರೆ ನಾನು ಶಿಲುಬೆ ಎಸೆಯೋನಲ್ಲ. ದಾರ ಕಟ್ಟಿ, ನೀರಿಗೆ ಅದ್ದಿ, ವಾಪಸ್ ಎಳ್ಕೋತೀನಿ."

"ದಾರವೇ! ಶಿಲುಬೆ ಏನು ಮೀನು ಹಿಡಿಯೋ ಗಾಳವೇ, ಗುರುಗಳೇ?" ಎಂದಿತು ಹಿಂದಿನಿಂದ ಒಂದು ದನಿ. ಅದು ಮಿಂಚೋ. ಸ್ಪಾಸನ ಗೆಳೆಯ, ಪಕ್ಕದ ಮನೆಯವನು. ಅವನ ಮೊಮ್ಮಗ ಪ್ಲಾಮೆನ್ ಈ ವರ್ಷ ಮೊದಲ ಬಾರಿಗೆ ನೀರಿಗೆ ಹಾರುವವನಿದ್ದ.

ಜನವರಿಯ ಯೋರ್ದಾನ್ ಹಬ್ಬದ ದಿನ ಹೊಳೆಗೆ ಎಸೆದ ಶಿಲುಬೆಯನ್ನು ಈಜಿ ಹಿಡಿದು ತಂದವನಿಗೆ ವರ್ಷವಿಡೀ ಆರೋಗ್ಯ, ಅವನು ಶಿಲುಬೆ ಹೊತ್ತು ಹೋದ ಮನೆಗೆಲ್ಲ ಕ್ಷೇಮ. ಅದನ್ನು ದಾರಕ್ಕೆ ಕಟ್ಟಿದ್ದು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ. ಆದರೆ ಹೊಳೆ ಇರುವುದು ಕೆಳಗೆ ಕಮರಿಯಲ್ಲಿ, ಊರು ಇರುವುದು ಮೇಲೆ. ಒದ್ದೆ ಮೈಯಲ್ಲಿ ಆ ಏರು ಹತ್ತುವಷ್ಟರಲ್ಲಿ ಮೀಸೆಯೂ ಕಡ್ಡಿಯಾಗುತ್ತದೆ. ಅದಕ್ಕೇ ಸ್ಪಾಸ್ ಪ್ರತಿವರ್ಷ ವ್ಯಾನನ್ನು ದಂಡೆಯಲ್ಲಿ ನಿಲ್ಲಿಸಿ, ಒಳಗೆ ಎರಡು ಬೆಂಚು ಹಾಕಿ, ಕಂಬಳಿ ಹಾಸಿ, ಹೀಟರನ್ನು ಪೂರಾ ತಿರುಗಿಸಿ ಕಾಯುತ್ತಿದ್ದ. ನಡುಗುತ್ತ ಬಂದ ಹುಡುಗರೆಲ್ಲ ಒಳಗೆ ನುಗ್ಗುತ್ತಿದ್ದರು. ಸ್ವಲ್ಪ ಹೊತ್ತಿಗೆ "ಸ್ಪಾಸ್ ತಾತ, ಬೆಂದು ಹೋದ್ವಿ, ಬಾಗಿಲು ತೆಗಿ!" ಎಂದು ಕೂಗುತ್ತಿದ್ದರು. ಸ್ಪಾಸ್ ತಿರುಗಿಯೂ ನೋಡದೆ, "ಬಾಗಿಲು ಮುಚ್ಚಿರಲಿ, ಮಕ್ಕಳೇ. ದೇವರು ಕೊಟ್ಟ ಬಿಸಿ, ಬೀದಿಗೆ ಚೆಲ್ಲಬಾರದು," ಎನ್ನುತ್ತಿದ್ದ. ಪ್ರತಿವರ್ಷ ಅದೇ ಕೂಗು, ಅದೇ ಉತ್ತರ.

ಜನರೆದುರು ಕೊಟ್ಟ ಮಾತು. ಸ್ಪಾಸನ ಹೆಸರಿನಲ್ಲಿ ಕೊಟ್ಟ ಮಾತು. ಇದೊಂದು ತಪ್ಪಿದರೆ ದಂಡೆಯ ಮೇಲೆ ಅವನ ಜಾಗ ಖಾಲಿಯಾಗುತ್ತದೆ, ಮುಂದಿನ ವರ್ಷ ಯಾರೂ ಕೇಳುವುದೂ ಇಲ್ಲ ಎಂದು ವೆಲಿಕಾಳಿಗೆ ಅನ್ನಿಸಿತು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಮಿಂಚೋ ಬ್ಯಾಟರಿ ಹೊತ್ತುಕೊಂಡು ಬಂದ. ಕೋಳಿಗಳನ್ನು ಓಡಿಸಿದರು. ಸೀಟಿನ ಮೇಲೆ ಎರಡು ಮೊಟ್ಟೆ ಇದ್ದವು.

"ಅತ್ತಿಗೆ, ನಿಮ್ಮ ವ್ಯಾನು ಬಾಡಿಗೆ ಕೊಡ್ತಿದೆ," ಎಂದ ಮಿಂಚೋ.

"ಉಪವಾಸದ ದಿನ ಮೊಟ್ಟೆ ತೋರಿಸ್ಬೇಡ. ಗಾಡಿ ಎಬ್ಬಿಸು."

ಗಾಡಿ ಎದ್ದಿತು. ಕೆಮ್ಮಿತು, ಹೊಗೆ ಉಗುಳಿತು, ಆಮೇಲೆ ಸ್ಪಾಸನ ಕಾಲದಲ್ಲಿ ಹೇಗೋ ಹಾಗೆಯೇ ಗುಡುಗುಡು ಎಂದಿತು. ಆ ಸದ್ದು ಕೇಳಿ ವೆಲಿಕಾ ಶಾಲಿನ ತುದಿಯಲ್ಲಿ ಕಣ್ಣೊರೆಸಿಕೊಂಡು, ಮರುಕ್ಷಣವೇ ಹತ್ತಿ ಕುಳಿತಳು. ಇಬ್ಬರೂ ಮೇಲಿನ ಇಗರ್ಜಿಯವರೆಗೆ ಹೋಗಿ ಬಂದರು. ಬಿಸಿ ತೋರಿಸುವ ಮುಳ್ಳು ಇದ್ದಲ್ಲಿಂದ ಏಳಲಿಲ್ಲ. ಹೀಟರಿನಿಂದ ಬಂದ ಗಾಳಿ ನೆಲಮಾಳಿಗೆಯಿಂದ ಬಂದ ಹಾಗಿತ್ತು.

ಮಿಂಚೋ ಅಂಗಳದಲ್ಲಿ ಗಾಡಿ ನಿಲ್ಲಿಸಿ, ನೀರನ್ನು ಬಕೆಟ್ಟಿಗೆ ಇಳಿಸಿ, ಎಂಜಿನ್ನಿನ ತಲೆಯ ಮೇಲಿದ್ದ ಮುಚ್ಚಳದ ಎರಡು ಬೋಲ್ಟು ಬಿಚ್ಚಿದ. ಒಳಗೆ ಬೆರಳು ಹಾಕಿ ತಡಕಿದ. ಆಮೇಲೆ ಬೆನ್ನು ನೆಟ್ಟಗೆ ಮಾಡಿ ನಿಂತ.

"ಅತ್ತಿಗೆ, ಇದಕ್ಕೆ ಬಾಗಿಲೇ ಇಲ್ಲ."

"ಯಾವ ಬಾಗಿಲು? ಮೂರು ಬಾಗಿಲಿದೆ."

"ಎಂಜಿನ್ನಿನ ಬಾಗಿಲು. ಥರ್ಮೋಸ್ಟಾಟ್. ಎಂಜಿನ್ ತಣ್ಣಗಿದ್ದಾಗ ಅದು ಮುಚ್ಕೊಂಡಿರ್ತದೆ, ನೀರು ಒಳಗೇ ಸುತ್ತಿ ಬಿಸಿಯಾಗ್ತದೆ. ಸಾಕಷ್ಟು ಬಿಸಿಯಾದ ಮೇಲೆ ತಾನೇ ತೆರ್ಕೊಂಡು ರೇಡಿಯೇಟರ್‌ಗೆ ಬಿಡ್ತದೆ. ಅದು ಇಲ್ಲ ಅಂದ್ರೆ, ಬಾಗಿಲಿಲ್ಲದ ಮನೇಲಿ ಒಲೆ ಹಚ್ಚಿದ ಹಾಗೆ. ಎಷ್ಟು ಸೌದೆ ಹಾಕಿದ್ರೂ ಬೀದಿಗೇ."

"ಕದ್ರಾ?"

"ಕಳ್ಳ ಯಾರು? ನಿಮ್ಮ ಯಜಮಾನನೇ. ಬೇಸಿಗೇಲಿ ಆಲೂಗೆಡ್ಡೆ ಹೇರ್ಕೊಂಡು ಘಾಟಿ ಹತ್ತುವಾಗ ಕುದಿಯುತ್ತೆ ಅಂತ ಸಂತ ಗಿಯೋರ್ಗಿಯ ಹಬ್ಬಕ್ಕೆ ಬಿಚ್ಚಿಡ್ತಿದ್ದ, ಚಳಿ ಶುರುವಾಗೋ ಸಂತ ದಿಮಿತರನ ಹಬ್ಬಕ್ಕೆ ಮತ್ತೆ ಹಾಕ್ತಿದ್ದ. ಮೊದಲ ಹಬ್ಬಕ್ಕೆ ಕುರಿ ಬೆಟ್ಟ ಹತ್ತೋದು, ಎರಡನೇದಕ್ಕೆ ಕುರಿ ಬೆಟ್ಟ ಇಳಿಯೋದು, ಇದೂ ಅದೇ ಲೆಕ್ಕ. ದಡ್ಡ ಕೆಲಸ, ಹಾಗೆ ಬಿಚ್ಚಬಾರದು. ಆದ್ರೆ ಈ ಊರಲ್ಲಿ ನಾವೆಲ್ಲ ಮಾಡೋದು ಅದನ್ನೇ." ಮಿಂಚೋ ಟೋಪಿ ತೆಗೆದ. "ಈ ಸಲ ದಿಮಿತರನ ಹಬ್ಬ ಬರೋ ಮೊದಲೇ ಅವನು..."

ವೆಲಿಕಾ ಮಾತು ಮುಗಿಸಲು ಬಿಡಲಿಲ್ಲ. "ಹಾಗಾದ್ರೆ ಮನೇಲೇ ಇರ್ಬೇಕು. ಹುಡುಕು!"

ಕೊಟ್ಟಿಗೆಯ ಡಬ್ಬಿಗಳನ್ನೆಲ್ಲ ಮಗುಚಿದರು. ಮೊಳೆ, ತುಕ್ಕು ಹಿಡಿದ ಕೀಲು, ಹಲ್ಲಿಲ್ಲದ ಗರಗಸ, ಯಾವುದೋ ಬಾಗಿಲಿನ ಬೀಗದ ಕೈ. ಮಿಂಚೋ ಅಟ್ಟ ಹತ್ತಿ ಮೈತುಂಬ ಜೇಡರ ಬಲೆ ಸುತ್ತಿಕೊಂಡು ಇಳಿದ. ಪಟ್ಟಣದ ಅಂಗಡಿಗಳು ಹಬ್ಬಕ್ಕೆ ಮುಚ್ಚಿದ್ದವು. ತೆರೆದಿದ್ದರೂ ಆ ಕಾಲದ ಗಾಡಿಗೆ ಸಾಮಾನು ಯಾರ ಬಳಿ ಇರುತ್ತದೆ?

"ನೋಡೋಕೆ ಹೇಗಿರ್ತದೆ, ಅದಾದ್ರೂ ಹೇಳು," ಎಂದಳು ವೆಲಿಕಾ, ದಣಿದು ಹೊಸ್ತಿಲ ಮೇಲೆ ಕುಳಿತು.

"ಹಿತ್ತಾಳೇದು. ಅಂಗೈಲಿ ಹಿಡಿಸ್ತದೆ. ಸುತ್ತ ತಟ್ಟೆ ಹಾಗೆ ಅಂಚು. ಮೇಲೆ ಸಣ್ಣ ಕಮಾನು, ಕೆಳಗೆ ಸ್ಪ್ರಿಂಗು, ನಡುವೆ ಮೊಟಕು ಬಟ್ಟಲು. ಆ ಬಟ್ಟಲೊಳಗೆ ಮೇಣ. ಮೇಣ ಕರಗಿ ಉಬ್ಬಿದ್ರೆ ಬಾಗಿಲು ತೆರೀತದೆ, ಗಟ್ಟಿಯಾದ್ರೆ ಮುಚ್ತದೆ. ಅಷ್ಟೇ ಅದರ ವಿದ್ಯೆ."

ವೆಲಿಕಾ ಮೆಲ್ಲಗೆ ಎದ್ದು ನಿಂತಳು.

"ಅಯ್ಯೋ ದೇವಮಾತೆ," ಎಂದಳು. "ಅದನ್ನ ನಾನು ಅವನಿಗೇ ಕೊಟ್ಟುಬಿಟ್ಟೆ."

ಬೇಸಿಗೆಯುದ್ದಕ್ಕೂ ಆ ಹಿತ್ತಾಳೆಯ ವಸ್ತು ದೇವರ ಪಟಗಳ ಗೂಡಿನಲ್ಲಿ, ದೀಪದ ಪಕ್ಕದಲ್ಲಿ ಇರುತ್ತಿತ್ತು. "ಮುಟ್ಟಬೇಡ, ಅದು ಚಳಿಗಾಲದ್ದು," ಎನ್ನುತ್ತಿದ್ದ ಸ್ಪಾಸ್. ದಿಮಿತರನ ಹಬ್ಬದ ದಿನ ಪೂಜೆಯಿಂದ ಬಂದು ಅದನ್ನು ತೆಗೆದುಕೊಂಡು ವ್ಯಾನಿಗೆ ಹೋಗುತ್ತಿದ್ದ. ವ್ಯಾನಿನಲ್ಲಿ ಸಂತ ನಿಕೋಲನ ಪಟವಿತ್ತು. ಚಳಿಗಾಲದಲ್ಲಿ ಸಂತನ ಮುಂದೆ ಮೇಣದಬತ್ತಿ ನಿಲ್ಲಿಸುವ ಬಟ್ಟಲು ಅದು ಎಂದು ವೆಲಿಕಾ ತನ್ನ ಪಾಡಿಗೆ ತಾನು ತಿಳಿದುಕೊಂಡಿದ್ದಳು. ಕೇಳುವ ಪ್ರಸಂಗವೇ ಬಂದಿರಲಿಲ್ಲ. ಗಂಡ ತೀರಿಕೊಂಡ ನಲವತ್ತನೆಯ ದಿನ ಕುದಿಸಿದ ಗೋಧಿ, ವೈನು, ರೊಟ್ಟಿ ಹಿಡಿದು ಸಮಾಧಿಗೆ ಹೊರಟಾಗ, ಅವನು ಇಷ್ಟು ಜತನದಿಂದ ಇಟ್ಟುಕೊಂಡ ಬಟ್ಟಲು ಅವನ ಬಳಿಯೇ ಇರಲಿ ಎಂದು ಒಯ್ದಿದ್ದಳು. ಅಂಚಿನ ನಡುವೆ ಬತ್ತಿ ನೆಟ್ಟಗೆ ನಿಂತಿತ್ತು. ಅಂದಿನಿಂದ ಪ್ರತಿ ಶನಿವಾರ ಅದರಲ್ಲೇ ಬತ್ತಿ ಹಚ್ಚಿ ಬರುತ್ತಿದ್ದಳು.

ಮಿಂಚೋ ಬಾಯಿ ತೆರೆದವನು ಮುಚ್ಚಲಿಲ್ಲ. ಆಮೇಲೆ ಅವನ ಹೊಟ್ಟೆ ಕುಲುಕತೊಡಗಿತು.

"ನಗ್ತೀಯಾ?"

"ಇಲ್ಲ ಅತ್ತಿಗೆ, ನಗ್ತಿಲ್ಲ... ಥರ್ಮೋಸ್ಟಾಟ್‌ಗೆ ಮೇಣದಬತ್ತಿ! ಅಲ್ಲಿ ಮಲಗಿ ಅವನು ನಾಲಿಗೆ ಕಚ್ಕೊಂಡಿರ್ತಾನೆ!"

ವೆಲಿಕಾಳಿಗೂ ನಗು ಬಂದುಬಿಟ್ಟಿತು. ಅವನು ಹೋದ ಮೇಲೆ ಅದು ಮೊದಲ ನಗು. ನಕ್ಕು, ಅದಕ್ಕಾಗಿ ಶಿಲುಬೆ ಗುರುತು ಮಾಡಿಕೊಂಡು, "ನಡಿ," ಎಂದಳು.

"ಎಲ್ಲಿಗೆ?" ಮಿಂಚೋನ ನಗು ನಿಂತಿತು. "ಅತ್ತಿಗೆ, ಸತ್ತವರಿಗೆ ಕೊಟ್ಟದ್ದನ್ನ ಮನೆಗೆ ತರ್ತಾರಾ? ನಾನಂತೂ ಮುಟ್ಟೋನಲ್ಲ."

"ಮುಟ್ಟಬೇಡ. ಸಲಾಕೆ ಹಿಡ್ಕೊಂಡು ಬಾ."

ಅವಳು ಒಳಗೆ ಹೋಗಿ ಪಟಗಳ ಮುಂದೆ ನಿಂತಳು. ಮದುವೆಯಾಗಿ ಬಂದ ದಿನದಿಂದ ಆ ಮನೆಯಲ್ಲಿ ಉರಿಯುತ್ತಿದ್ದ ಕೆಂಪು ಗಾಜಿನ ದೀಪವನ್ನು ಕೆಳಗಿಳಿಸಿದಳು. ದೇವಮಾತೆಗೆ, "ನಿನಗೆ ಬೇರೆ ತರ್ತೀನಿ, ತಾಯಿ, ಇವತ್ತಿಗೆ ತಡ್ಕೋ," ಎಂದು ಹೇಳಿ, ಅದನ್ನು ಶಾಲಿನಲ್ಲಿ ಸುತ್ತಿಕೊಂಡಳು. ಒಲೆಯ ಮೇಲಿದ್ದ ವೈನನ್ನು ಬಿಸಿ ಮಾಡಿ ಬಾಟಲಿಗೆ ಸುರಿದುಕೊಂಡಳು.

ಸ್ಮಶಾನದಲ್ಲಿ ಹಿಮ ಮೊಣಕಾಲಿನವರೆಗೆ ಬಿದ್ದಿತ್ತು. ಸ್ಪಾಸನ ಕಲ್ಲಿನ ಬುಡದಲ್ಲಿ ಹಿತ್ತಾಳೆಯ ಅಂಚು ಮಾತ್ರ ಕಾಣುತ್ತಿತ್ತು. ಕರಗಿ ಇಳಿದ ಮೇಣ, ಮರಳು, ಅವಳು ಸುರಿದಿದ್ದ ವೈನು ಎಲ್ಲ ಸೇರಿ ಹೆಪ್ಪುಗಟ್ಟಿ ಕಲ್ಲಿಗೆ ಅಂಟಿತ್ತು. ಮಿಂಚೋ ಸಲಾಕೆ ಎತ್ತಿದ.

"ನಿಲ್ಲು, ಮುರಿದೀಯ!"

ವೆಲಿಕಾ ಹಿಮದ ಮೇಲೆ ಮೊಣಕಾಲೂರಿದಳು. "ಸ್ಪಾಸ್," ಎಂದಳು, ಅಡಿಗೆಮನೆಯಿಂದ ಅಂಗಳಕ್ಕೆ ಕೂಗುವ ದನಿಯಲ್ಲಿಯೇ, "ಕೊಟ್ಟದ್ದನ್ನ ಕಿತ್ಕೋತಿದ್ದೀನಿ ಅನ್ಕೋಬೇಡ. ನಿನ್ನ ಕೆಲಸಕ್ಕೇ ಬೇಕು. ಇಂಥದ್ದು ಅಂತ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ತಗೋ, ಬೆಚ್ಚಗೆ ಕುಡಿ." ಬಿಸಿ ವೈನನ್ನು ಮೆಲ್ಲಗೆ ಆ ಹಿತ್ತಾಳೆಯ ಸುತ್ತ ಸುರಿದಳು. ಹಿಮ ಕೆಂಪಾಗಿ ಕುಸಿಯಿತು. ಸ್ವಲ್ಪ ಅಲುಗಾಡಿಸಿದಳು. ಇನ್ನಷ್ಟು ಸುರಿದಳು. ಟಕ್ ಎಂದು ಬಿಟ್ಟುಕೊಂಡಿತು.

"ಕೊಟ್ಟ!" ಎಂದು ಕೂಗಿದ ಮಿಂಚೋ. ಕೂಗಿ, ತಾನು ಎಲ್ಲಿದ್ದೇನೆಂದು ನೆನಪಾಗಿ ಟೋಪಿ ತೆಗೆದ.

ಅದೇ ಜಾಗದಲ್ಲಿ ವೆಲಿಕಾ ಕೆಂಪು ದೀಪವನ್ನು ಇಟ್ಟು, ಗಾಳಿಗೆ ಕೈ ಅಡ್ಡ ಹಿಡಿದು ಹಚ್ಚಿದಳು.

ಮನೆಗೆ ಬಂದು ಒಲೆಯ ಮೇಲೆ ನೀರಿನ ಪಾತ್ರೆ ಇಟ್ಟು ಆ ವಸ್ತುವನ್ನು ದಾರದಲ್ಲಿ ತೂಗುಬಿಟ್ಟರು. ಹಾಕುವ ಮೊದಲು ಬಿಸಿನೀರಿನಲ್ಲಿ ನೋಡಬೇಕು, ತೆರೆದರೆ ಬದುಕಿದೆ, ಇಲ್ಲದಿದ್ದರೆ ಸತ್ತಿದೆ ಎಂದ ಮಿಂಚೋ. ಇಬ್ಬರೂ ಹಾಲು ಉಕ್ಕುವುದನ್ನು ಕಾಯುವವರಂತೆ ಪಾತ್ರೆಯ ಮೇಲೆ ತಲೆಗೆ ತಲೆ ತಾಗಿಸಿ ನಿಂತರು. ಮೊದಲು ಮೇಣದಬತ್ತಿಯ ಮೇಣ ಕರಗಿ ಮೇಲೆ ತೇಲಿತು. ನೀರು ಸಿಮಿಗುಟ್ಟಿತು. ಬಾಗಿಲು ಮುಚ್ಚಿಯೇ ಇತ್ತು.

"ಸತ್ತಿದೆ," ಎಂದ ಮಿಂಚೋ.

"ನಿನ್ನ ಬಾಯಿಗಿಷ್ಟು ಬೂದಿ! ನೋಡು ಸುಮ್ಮನೆ."

ಗುಳ್ಳೆಗಳು ಎದ್ದವು. ಆಗ ಹಿತ್ತಾಳೆಯ ತಟ್ಟೆ ಒಂದು ಬದಿಯಲ್ಲಿ ಕೂದಲೆಳೆಯಷ್ಟು ಸರಿಯಿತು. ಆಮೇಲೆ ಉಗುರಿನಷ್ಟು. ಆಮೇಲೆ ಪೂರಾ.

"ತೆರೀತು! ಅತ್ತಿಗೆ, ತೆರೀತು!"

ಅದೇ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ಹಬ್ಬದ ಹಿಂದಿನ ದಿನ ಮನೆಮನೆಗೆ ಪವಿತ್ರ ನೀರು ಚಿಮುಕಿಸುತ್ತ ಬರುವ ಪಾದ್ರಿ ಎವ್ತಿಮ್, ಕೈಯಲ್ಲಿ ಕಾಮಕಸ್ತೂರಿಯ ಕಟ್ಟು ಹಿಡಿದು ಒಳಗೆ ಬಂದರು. ಬರಿದಾದ ದೀಪದ ಗೂಡನ್ನೂ ಕುದಿಯುವ ಪಾತ್ರೆಯನ್ನೂ ನೋಡಿದರು.

"ಏನು ಬೇಯಿಸ್ತಿದ್ದೀರಿ?"

ವೆಲಿಕಾ ಎಲ್ಲವನ್ನೂ ಹೇಳಿದಳು. ಸಮಾಧಿಯಿಂದ ತಂದದ್ದನ್ನು ಮಾತ್ರ ತಲೆ ತಗ್ಗಿಸಿ ಹೇಳಿದಳು.

"ಬದಲಿಗೆ ಏನಿಟ್ಟೆ?"

"ಮನೆ ದೀಪ."

ಪಾದ್ರಿ ಗಡ್ಡ ನೀವಿಕೊಂಡರು. "ಹಾಗಾದ್ರೆ ಅವನಿಗೆ ಕತ್ತಲಿಲ್ಲ. ಮೇಲಕ್ಕೆತ್ತಿ, ಚಿಮುಕಿಸ್ತೀನಿ."

ಮಿಂಚೋ ದಾರ ಹಿಡಿದು ಎತ್ತಿ, ಮೊದಲು ಬಾವಿಯ ತಣ್ಣೀರಿಗೆ ಅದ್ದಿದ. ಈಗ ಮುಚ್ಚಬೇಕು. ಮುಚ್ಚಲಿಲ್ಲ. ಅರ್ಧ ಬಾಯಿ ತೆರೆದುಕೊಂಡೇ ನಿಂತಿತು. ಪಾದ್ರಿ ಕಾಮಕಸ್ತೂರಿ ಕಟ್ಟಿನಿಂದ ಮೂರು ಬಾರಿ ಚಿಮುಕಿಸಿ ಮಂತ್ರ ಹೇಳಿದರು. ಆಗಲೂ ಮುಚ್ಚಲಿಲ್ಲ.

"ಗುರುಗಳೇ, ತಪ್ಪು ತಿಳೀಬೇಡಿ," ಎಂದ ಮಿಂಚೋ, "ಇದಕ್ಕೆ ಅಡುಗೆ ಸೋಡಾನೂ ಬೇಕು. ಅಂಚಲ್ಲಿ ಮರಳು ಕೂತಿದೆ."

"ದೇವರು ಸೋಡಾನೂ ಸೃಷ್ಟಿಸಿದಾನೆ, ಉಜ್ಜು," ಎಂದರು ಪಾದ್ರಿ. ತೊಟ್ಟಿಲಿಗೆ ಬಗ್ಗುವವರಂತೆ ಬಗ್ಗಿ ತಾವೂ ನೋಡುತ್ತ ನಿಂತರು. ಬೇರೆ ಮನೆಗಳಿಗೆ ಹೋಗುವುದು ಅವರಿಗೆ ಮರೆತೇಹೋಯಿತು.

ಸೋಡಾ ಹಾಕಿ ಕುದಿಸಿದರು. ಹಲ್ಲುಜ್ಜುವ ಬ್ರಷ್ಷಿನಿಂದ ಅಂಚನ್ನು ತಿಕ್ಕಿದರು. ಬಿಸಿಗೆ ಹಾಕಿದರು, ತೆರೆಯಿತು. ತಣ್ಣೀರಿಗೆ ಹಾಕಿದರು, ಕಟಕ್ ಎಂದು ಮುಚ್ಚಿತು. ವೆಲಿಕಾ ಚಪ್ಪಾಳೆ ತಟ್ಟಿಬಿಟ್ಟಳು. ನಂಬಿಕೆ ಸಾಲದೆ ಮತ್ತೆ ಮತ್ತೆ ಹಾಕಿ ನೋಡಿದರು. ಬೆಳಕಿರುವಾಗಲೇ ಮಿಂಚೋ ಸಿಹಿತಿಂಡಿಯ ಡಬ್ಬದ ರಟ್ಟನ್ನು ಕತ್ತರಿಸಿ ಮುಚ್ಚಳಕ್ಕೆ ನೀರು ಸೋರದ ಹಾಗೆ ಹೊಸ ಪಟ್ಟಿ ಮಾಡಿ, ಸ್ಪ್ರಿಂಗಿನ ಬದಿ ಎಂಜಿನ್ನಿನ ಕಡೆಗೆ ಬರುವಂತೆ ಕೂರಿಸಿ, ಬೋಲ್ಟು ಬಿಗಿದು, ಬಕೆಟ್ಟಿನ ನೀರನ್ನು ಮತ್ತೆ ತುಂಬಿದ.

"ಗುರುಗಳೇ, ನಾಳೆ ದಾರ ಬೇಡ ತಾನೆ?" ಎಂದಳು ವೆಲಿಕಾ.

"ಜೇಬಲ್ಲಿಟ್ಟುಕೊಂಡೇ ಬರ್ತೀನಿ. ಪಾತ್ರೇಲಿ ತೆರೆದದ್ದು ಎಂಜಿನ್ನಲ್ಲಿ ತೆರೀಬೇಕಲ್ಲ."

ಮರುದಿನ ಬೆಳಿಗ್ಗೆ ಬಿಸಿಲು ಇತ್ತು, ಆದರೆ ಉಸಿರು ಗಡ್ಡದ ಮೇಲೆ ಬಿಳಿಯಾಗಿ ಕೂರುತ್ತಿತ್ತು. ಗಂಡಸರು ದಂಡೆಯ ಮಂಜುಗಡ್ಡೆಯನ್ನು ಕೊಡಲಿಯಿಂದ ಒಡೆದು ದಾರಿ ಮಾಡಿದ್ದರು. ಡೋಲು ಮೊಳಗುತ್ತಿತ್ತು, ಗಾಯ್ದಾ ಎಂಬ ಚೀಲವಾದ್ಯ ಚೀರುತ್ತಿತ್ತು. ವ್ಯಾನು ಘಾಟಿ ಇಳಿದು ಬಂದಾಗ ಊರೆಲ್ಲ ತಿರುಗಿ ನೋಡಿತು. ಚಾಲಕನ ಜಾಗದಿಂದ ಮಿಂಚೋ ಇಳಿದ. ಎಂಜಿನ್ ನಿಲ್ಲದಂತೆ ಕಾಲೊತ್ತಿ ಹಿಡಿಯಲು ವೆಲಿಕಾ ಸ್ಪಾಸನ ಸೀಟಿಗೆ ಹತ್ತಿ ಕುಳಿತಳು. ಸೀಟು ಅವನ ಮೈಯ ಆಕಾರಕ್ಕೆ ಕುಸಿದಿತ್ತು. ಅವಳು ಅದರೊಳಗೆ ಇಳಿದುಹೋದಳು.

ಪಾದ್ರಿ ಒಂದು ಕೈಯಲ್ಲಿ ಶಿಲುಬೆ, ಇನ್ನೊಂದರಲ್ಲಿ ದಾರ ಹಿಡಿದು ಬಂದು, ಕಿಟಕಿಯೊಳಗೆ ಕೈ ತೂರಿಸಿ ಹೀಟರಿನ ಬಾಯಿಗೆ ಹಿಡಿದರು. ಒಂದು ಕ್ಷಣ ಹಾಗೇ ಇದ್ದು, ಕೈಯನ್ನು ಥಟ್ಟನೆ ಹಿಂದೆಳೆದುಕೊಂಡರು.

"ಸುಟ್ಟುಬಿಡ್ತದಲ್ಲಮ್ಮ!" ದಾರವನ್ನು ಮಿಂಚೋನ ಕೈಗಿಟ್ಟರು. "ತಗೋ, ಪ್ಯಾಂಟು ಕಟ್ಕೋ."

ದಂಡೆಯಲ್ಲಿ ಬರಿಮೈಯಲ್ಲಿ ನಿಂತಿದ್ದ ಯುವಕರು ಹೋ ಎಂದು ಕೂಗಿದರು. ಪಾದ್ರಿ ನೀರಿನ ಬದಿಗೆ ಹೋಗಿ ಪ್ರಾರ್ಥನೆ ಪ್ರಾರಂಭಿಸಿದರು.

ವೆಲಿಕಾಳ ಕಣ್ಣು ಮಾತ್ರ ಮುಳ್ಳಿನ ಮೇಲಿತ್ತು. ಅದು ಏರುತ್ತಿತ್ತು. ಅರ್ಧ ದಾಟಿತು. ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಮುಂದೆ ಮಿಂಚೋ ರೇಡಿಯೇಟರಿನ ಮೇಲೆ ಅಂಗೈ ಊರಿ ನಿಂತಿದ್ದ.

"ಮಿಂಚೋ! ಏರ್ತಾ ಇದೆ!"

"ಇದು ಇನ್ನೂ ಐಸು! ಬಾಗಿಲು ತೆರೆದಿಲ್ಲ!"

"ನಿಲ್ಲಿಸ್ಲಾ?"

"ನಿಲ್ಲಿಸಿದ್ರೆ ಹುಡುಗರಿಗೆ ಬಿಸಿ ಎಲ್ಲಿ? ಸ್ವಲ್ಪ ತಡೀರಿ!"

ತಡೆದರೆ ಎಂಜಿನ್ ಕುದಿದು ಸಾಯುತ್ತದೆ, ಅದೂ ಹುಡುಗರು ನೀರಿನಲ್ಲಿರುವಾಗಲೇ. ಮುಳ್ಳು ಕೆಂಪು ಗೆರೆಯ ಹತ್ತಿರ ಬಂತು. ಪಾದ್ರಿಯ ದನಿ ಏರಿತು, ಕೈ ಮೇಲೆ ಹೋಯಿತು. ಸೂರ್ಯನ ಎದುರಿಗೆ ಮರದ ಶಿಲುಬೆ ಕಪ್ಪಾಗಿ ಕಂಡಿತು. ವೆಲಿಕಾ ಸಂತ ನಿಕೋಲನ ಪಟವನ್ನು ನೋಡಿದಳು. ಪ್ರಾರ್ಥನೆಯ ಮಾತು ಒಂದೂ ನೆನಪಾಗಲಿಲ್ಲ. "ಸ್ಪಾಸ್, ತೆರಿ," ಎಂದಳು. "ತೆರಿ ಮಾರಾಯ."

ಮುಳ್ಳು ನಡುಗಿತು. ಯಾರೋ ಬೆರಳಿನಿಂದ ತಟ್ಟಿದ ಹಾಗೆ ಒಮ್ಮೆ ಜಿಗಿಯಿತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಇಳಿದು ಅರ್ಧಕ್ಕೆ ಬಂದು ನಿಂತಿತು.

"ಬಿಸಿ!" ಮಿಂಚೋ ಅಂಗೈ ಝಾಡಿಸುತ್ತ ಕುಣಿದ. "ರೇಡಿಯೇಟರ್ ಬಿಸಿ! ಅತ್ತಿಗೆ, ತೆರೀತು!"

ಅದೇ ಉಸಿರಿನಲ್ಲಿ ಶಿಲುಬೆ ಗಾಳಿಯಲ್ಲಿ ತಿರುಗುತ್ತ ಹೋಗಿ ಹೊಳೆಯ ನಡುವೆ ಬಿತ್ತು. ಯುವಕರು ಒಟ್ಟಿಗೇ ನೀರಿಗೆ ಬಿದ್ದರು. ಮಿಂಚೋ ವ್ಯಾನನ್ನೂ ರೇಡಿಯೇಟರನ್ನೂ ಮರೆತು ದಂಡೆಗೆ ಓಡಿದ. "ಪ್ಲಾಮೆನ್! ಎಡಕ್ಕೆ ಹೋಗೋ! ಹರಿವು ಎಡಕ್ಕೆ ಎಳೀತದೆ! ಬಲಕ್ಕಲ್ಲ, ಕತ್ತೆ, ಎಡಕ್ಕೆ!" ಮಿಂಚೋಗೆ ಆಯುಷ್ಯದಲ್ಲಿ ಒಮ್ಮೆಯೂ ಸಿಗದ ಶಿಲುಬೆ ಅದು. ಸ್ಪಾಸನಿಗೆ ಮೂರು ಬಾರಿ ಸಿಕ್ಕಿತ್ತು, ಆ ಮಾತನ್ನು ಸ್ಪಾಸ್ ಒಂದು ದಿನವೂ ಮರೆಯಲು ಬಿಟ್ಟಿರಲಿಲ್ಲ. ಕೈಗಳು, ತಲೆಗಳು, ನೊರೆ. ಒಂದು ಕೈ ಮೇಲೆದ್ದಿತು. ಅದರಲ್ಲಿ ಶಿಲುಬೆ.

"ನಮ್ಮವನು!" ಮಿಂಚೋನ ದನಿ ಒಡೆದುಹೋಯಿತು. "ನೋಡೋ ಸ್ಪಾಸ್, ನಮ್ಮವನು!"

ಪ್ಲಾಮೆನ್ ದಂಡೆ ಹತ್ತುವಷ್ಟರಲ್ಲಿ ಶಿಲುಬೆಯ ಮೇಲಿನ ನೀರು ಗಾಜಿನಂತೆ ಹೆಪ್ಪುಗಟ್ಟಿತ್ತು. "ಹೆಪ್ಪುಗಟ್ಟಿದೆ, ಹೆಪ್ಪುಗಟ್ಟಿದೆ!" ಎಂದು ಹೆಂಗಸರು ಕೂಗಿದರು. ಶಿಲುಬೆ ಹೆಪ್ಪುಗಟ್ಟಿದ ವರ್ಷ ಪೈರು ತುಂಬಿ ಬರುತ್ತದೆ. ಹುಡುಗರೆಲ್ಲ ಹಲ್ಲು ಕಟಕಟಿಸುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ವ್ಯಾನಿಗೆ ನುಗ್ಗಿದರು. ಮಿಂಚೋ ಕಂಬಳಿ ಹೊದಿಸಿ, ಜೇನು ಹಾಕಿ ಕಾಯಿಸಿದ ಹಣ್ಣಿನ ಮದ್ಯ ರಾಕಿಯಾ ಕೊಟ್ಟು, ಮೊಮ್ಮಗನ ಕೆನ್ನೆ ಹಿಂಡಿ, ಹೊರಗಿನಿಂದ ಬಾಗಿಲು ಎಳೆದ. ಒಳಗೆ ಆವಿ ಕವಿಯಿತು. ಪ್ಲಾಮೆನ್ ಹಿಂದಿನಿಂದ ಕೈ ಚಾಚಿ ಶಿಲುಬೆಯನ್ನು ವೆಲಿಕಾಳ ತುಟಿಗೆ ಹಿಡಿದ. ಅವಳು ಮುತ್ತಿಟ್ಟಳು. ತುಟಿಯ ಬಿಸಿಗೆ ಒಂದು ಹನಿ ಕರಗಿ ಗಲ್ಲಕ್ಕೆ ಇಳಿಯಿತು.

ನಗು, ಬೈಗುಳ, ಕೆಮ್ಮು. ಕೊಲ್ಯೋನ ತುಟಿಗೆ ಬಣ್ಣ ಬಂದಿತ್ತು. ಸ್ವಲ್ಪ ಹೊತ್ತಾಯಿತು. ಕಂಬಳಿಗಳು ಒಂದೊಂದಾಗಿ ಹೆಗಲಿನಿಂದ ಜಾರಿದವು. ಹಿಂದಿನ ಬೆಂಚಿನಿಂದ ಯಾರೋ, ಅಭ್ಯಾಸಬಲದಿಂದ, ಎಂದಿನಂತೆಯೇ ಕೂಗಿದ:

"ಸ್ಪಾಸ್ ತಾತ, ಬೆಂದು ಹೋದ್ವಿ, ಬಾಗಿಲು ತೆಗಿ!"

ಕೂಗಿದವನು ಕಂಬಳಿಯೊಳಗೆ ಮುಖ ಹುದುಗಿಸಿಕೊಂಡ.

ವೆಲಿಕಾ ಮುಳ್ಳನ್ನು ನೋಡಿದಳು. ಅದು ಅರ್ಧದಲ್ಲಿ ಗಟ್ಟಿಯಾಗಿ ನಿಂತಿತ್ತು. ಅವಳು ತಿರುಗಿ ನೋಡಲಿಲ್ಲ, ಕಾಲನ್ನು ಇನ್ನೊಂದಿಷ್ಟು ಒತ್ತಿದಳು.

"ಬಾಗಿಲು ಮುಚ್ಚಿರಲಿ, ಮಕ್ಕಳೇ," ಎಂದಳು. "ದೇವರು ಕೊಟ್ಟ ಬಿಸಿ, ಬೀದಿಗೆ ಚೆಲ್ಲಬಾರದು."